ಕಟ್ಟಿದವರೇ ಬಿಟ್ಟೋಡಿದ ಊರು

ಜಕಾರ್ತದ ಕೋಟಾ ತುವಾಕ್ಕೆ, ಅಂದರೆ ಹಳೇ ಪಟ್ಟಣಕ್ಕೆ, ಹೋಗಿ ಬಂದವರ ಫೋಟೊಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಫತಹಿಲ್ಲಾ ಚೌಕದ ನಡುವೆ ಗುಲಾಬಿ ಬಣ್ಣದ ಬಾಡಿಗೆ ಸೈಕಲ್ಲು, ತಲೆಯ ಮೇಲೆ ಅದೇ ಬಣ್ಣದ ಅಗಲವಾದ ಹ್ಯಾಟು, ಹಿಂದೆ ಸಾಲು ಕಿಟಕಿಗಳ ಬಿಳಿ ಪುರಭವನ. ಅಲ್ಲೇ ಪಕ್ಕದಲ್ಲಿ ಮೈತುಂಬ ಬಣ್ಣ ಬಳಿದುಕೊಂಡು ಪ್ರತಿಮೆಗಳಂತೆ ನಿಂತವರು. ಆಳೊಬ್ಬ ಒಳಹೊಕ್ಕು ಕುಣಿಸುವ ಒಂಡೆಲ್-ಒಂಡೆಲ್ ಎಂಬ ಎತ್ತರದ ಬಿದಿರುಬೊಂಬೆಗಳು ಕಂಡರಂತೂ ನಮ್ಮ ದಸರಾ ಮೆರವಣಿಗೆಯ ಗಾರುಡಿ ಗೊಂಬೆಗಳೇ ಹಡಗು ಹತ್ತಿ ಬಂದವೇನೋ ಅನ್ನಿಸಬೇಕು.

ಇದೆಲ್ಲ ಚೆಂದವೇ. ಆದರೆ ಇಷ್ಟು ನೋಡಿ, ಕೆಫೆ ಬಟೇವಿಯಾದಲ್ಲಿ ದುಬಾರಿ ಕಾಫಿ ಕುಡಿದು, ‘ಪುಟ್ಟ ಹಾಲೆಂಡ್ ನೋಡಿ ಬಂದೆವು’ ಎಂದುಕೊಂಡು ಹಿಂತಿರುಗಿದರೆ ಊರು ಕಂಡಂತಾಗುವುದಿಲ್ಲ. ಹಾಲೆಂಡನ್ನೇ ಇಲ್ಲಿ ಮತ್ತೆ ಕಟ್ಟಲು ಹೊರಟವರು ಅದರಲ್ಲಿ ಬದುಕಲಾರದೆ ಎದ್ದು ಓಡಿದ ಜಾಗವಿದು. ಹಾಗಾಗಿ ಇಲ್ಲಿ ತಲೆಯೆತ್ತಿ ಕಮಾನು, ಗೋಪುರ ನೋಡುವುದಕ್ಕಿಂತ ತಲೆ ತಗ್ಗಿಸಿ ನೀರು ನೋಡುವುದೇ ಲಾಭ. ಕಾಲುವೆ ಎಲ್ಲಿತ್ತು, ಸಮುದ್ರ ಎಲ್ಲಿಯವರೆಗೆ ಬರುತ್ತಿತ್ತು, ಈಗ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳುತ್ತ ನಡೆದರೆ ಒಂದೊಂದು ಕಟ್ಟಡವೂ ಯಾಕೆ ಅಲ್ಲಿದೆ, ಯಾಕೆ ಹಾಗಿದೆ ಎಂಬುದು ಬಿಡಿಸಿಕೊಳ್ಳುತ್ತದೆ.

ಊರು ಹುಟ್ಟಿದ್ದು ಚಿಲಿವುಂಗ್ ನದಿಯ ಅಳಿವೆಯಲ್ಲಿ. ಡಚ್ಚರಿಗಿಂತ ಬಹಳ ಮೊದಲೇ ಇಲ್ಲಿ ಸುಂಡಾ ಕೆಲಾಪಾ ಎಂಬ ಬಂದರಿತ್ತು. ಒಳನಾಡಿನ ಹಿಂದೂ ರಾಜ್ಯವಾದ ಪಜಾಜರಾನಿನ ಮೆಣಸು ಇಲ್ಲಿಂದಲೇ ಹಡಗು ಹತ್ತುತ್ತಿತ್ತು. 1522ರಲ್ಲಿ ಪೋರ್ಚುಗೀಸರು ಆ ರಾಜನೊಡನೆ ಒಪ್ಪಂದ ಮಾಡಿಕೊಂಡು ದಡದಲ್ಲೊಂದು ಕಲ್ಲು ನೆಟ್ಟರು. ಆ ಕಲ್ಲು ಮಣ್ಣಿನಲ್ಲಿ ಹೂತು ಮರೆಯಾಗಿ, 1918ರಲ್ಲಿ ಮನೆಯೊಂದಕ್ಕೆ ಪಾಯ ತೋಡುವಾಗ ಮೇಲೆ ಬಂತು. ಈಗ ಜಕಾರ್ತದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದು ಸಿಕ್ಕಿದ ಬೀದಿಯಿಂದ ಇಂದಿನ ಸಮುದ್ರಕ್ಕೆ ಒಳ್ಳೆಯ ನಡಿಗೆಯ ದೂರವಿದೆ. ನದಿ ತಂದು ಸುರಿದ ಹೂಳು ದಡವನ್ನು ಎಷ್ಟು ಮುಂದಕ್ಕೆ ತಳ್ಳಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಪ್ಪಂದದ ಫಲ ಪೋರ್ಚುಗೀಸರ ಕೈಗೆ ಸಿಗಲಿಲ್ಲ. 1527ರಲ್ಲಿ ಫತಹಿಲ್ಲಾ ಎಂಬ ಸೇನಾನಿ ಬಂದರನ್ನು ಗೆದ್ದ, ಊರು ಜಯಕಾರ್ತವಾಯಿತು. ಆ ವರ್ಷದ ಜೂನ್ 22ನ್ನೇ ಜಕಾರ್ತ ಇಂದಿಗೂ ತನ್ನ ಹುಟ್ಟುಹಬ್ಬವಾಗಿ ಆಚರಿಸುತ್ತದೆ. ಡಚ್ಚರ ಪುರಭವನದ ಎದುರಿನ ಚೌಕಕ್ಕೆ ಫತಹಿಲ್ಲಾನ ಹೆಸರಿಟ್ಟದ್ದರಲ್ಲಿ ಸ್ವತಂತ್ರ ಇಂಡೊನೇಷ್ಯಾದ ಒಂದು ಸಣ್ಣ ತುಂಟತನವೂ ಇದೆ.

1619ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್‌ಸೋನ್ ಕೂನ್ ಜಯಕಾರ್ತವನ್ನು ಸುಟ್ಟು ನೆಲಸಮ ಮಾಡಿದ. ಹೊಸ ಪಟ್ಟಣಕ್ಕೆ ತನ್ನ ಹುಟ್ಟೂರು ಹೋರ್ನ್‌ನ ಹೆಸರಿಡಬೇಕೆಂದು ಅವನಿಗೆ ಆಸೆಯಿತ್ತು. ಕಂಪನಿಯ ಯಜಮಾನರು ಒಪ್ಪದೆ ತಮ್ಮ ಪೂರ್ವಜರೆಂದು ನಂಬಿದ್ದ ಬಟಾವಿ ಬುಡಕಟ್ಟಿನ ನೆನಪಿಗೆ ಬಟೇವಿಯಾ ಎಂದಿಟ್ಟರು. ಜೌಗು ನೆಲ, ಸಮುದ್ರದ ಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲದ ದಡ. ಡಚ್ಚರಿಗೆ ಇದು ತವರಿನಲ್ಲಿ ಪಳಗಿದ ಕೆಲಸ. ಚಿಲಿವುಂಗ್‌ನ ಅಂಕುಡೊಂಕನ್ನು ನೇರ ಮಾಡಿ ಪೇಟೆಯ ನಡುವೆ ಹಾಯಿಸಿದರು. ಅಡ್ಡಡ್ಡ ಕಾಲುವೆ ತೋಡಿದರು. ಕಾಲುವೆಯ ಎರಡೂ ಬದಿಗೆ ಮರ ನೆಟ್ಟು, ಒತ್ತೊತ್ತಾಗಿ ಮನೆ ಕಟ್ಟಿ, ಸುತ್ತ ಗೋಡೆ ಎಬ್ಬಿಸಿದರು. ನೇರ ಮಾಡಿದ ಆ ನದಿಯೇ ಇಂದಿನ ಕಾಲಿ ಬೆಸಾರ್. ಅದರ ಮೇಲಿರುವ ಕೋಟಾ ಇಂತಾನ್ ಎಂಬ ಮರದ ಎತ್ತುಸೇತುವೆ, ದೋಣಿಗೆ ದಾರಿ ಬಿಡಲು ಹಲಗೆ ಮೇಲೇಳುತ್ತಿದ್ದ ಬಗೆಯದು. ಅದರ ಜಾಗದಲ್ಲಿ 1628ರಿಂದಲೂ ಒಂದಲ್ಲ ಒಂದು ಸೇತುವೆ ಇದ್ದೇ ಇದೆ.

ಆಫ್ರಿಕಾದ ತುದಿಯ ಕೇಪ್‌ನಿಂದ ಜಪಾನಿನವರೆಗೆ ಹರಡಿದ್ದ ಕಂಪನಿಯ ವ್ಯವಹಾರಕ್ಕೆಲ್ಲ ಏಷ್ಯಾದ ಕಚೇರಿ ಇದೇ ಬಟೇವಿಯಾ. ಹದಿನೇಳನೇ ಶತಮಾನದಲ್ಲಿ ನಮ್ಮ ಕುಂದಾಪುರದ ಬಳಿಯ ಬಸರೂರಿನಲ್ಲೂ ಡಚ್ಚರ ವಖಾರಿಯೊಂದಿತ್ತು. ಕೆಳದಿ ಸೀಮೆಯ ಅಕ್ಕಿ, ಮೆಣಸಿಗಾಗಿ ಅಲ್ಲಿ ಕೂತವರ ಮೇಲಿನ ಕೊನೆಯ ಅಧಿಕಾರವೂ ಇಲ್ಲಿನ ಗವರ್ನರ್ ಜನರಲ್‌ನದೇ. ಭಾರತದ ಕರಾವಳಿಗಳಿಂದ ಇಲ್ಲಿಗೆ ಬಂದದ್ದು ಬಟ್ಟೆ ಮಾತ್ರ ಅಲ್ಲ. ಕೋರಮಂಡಲ, ಮಲಬಾರ್, ಬಂಗಾಳ ಕೊಲ್ಲಿಯ ದಡಗಳಿಂದ ಕೊಂಡುತಂದ ಗುಲಾಮರು ಆರಂಭದ ಬಟೇವಿಯಾದ ಮನೆಮನೆಯಲ್ಲೂ ದುಡಿಯುತ್ತಿದ್ದರು. ದಂಗೆಯ ಭಯಕ್ಕೆ ಜಾವಾದವರನ್ನೇ ಗೋಡೆಯೊಳಗೆ ವಾಸಕ್ಕೆ ಬಿಡದಿದ್ದ ಊರಿದು. ಜಾವಾದ ನೆಲದ ಮೇಲಿದ್ದ ಪಟ್ಟಣದಲ್ಲಿ ಕೆಲಸಕ್ಕೆ ಭಾರತ, ಬಾಲಿ, ಸುಲಾವೆಸಿಯ ಗುಲಾಮರು. ವ್ಯಾಪಾರಕ್ಕೆ, ಕುಶಲ ಕೆಲಸಕ್ಕೆ ಚೀನೀಯರು. ಬಿಡುಗಡೆ ಪಡೆದ ಗುಲಾಮರ ಮಕ್ಕಳುಮರಿ ಮಾರ್ಡೈಕರ್ ಎಂದು ಕರೆಸಿಕೊಂಡು, ಕ್ರೈಸ್ತರಾಗಿ, ಪೋರ್ಚುಗೀಸ್ ಮಾತಾಡಿಕೊಂಡಿದ್ದರು. ಅವರಿಗಾಗಿ ಗೋಡೆಯ ಹೊರಗೆ 1695ರಲ್ಲಿ ಕಟ್ಟಿ ಮುಗಿಸಿದ ಇಗರ್ಜಿ ರೈಲು ನಿಲ್ದಾಣದ ಪೂರ್ವಕ್ಕೆ ಇದೆ. ಸಿಯೋನ್ ಇಗರ್ಜಿ ಎಂದು ಹೆಸರು. ಜಕಾರ್ತದಲ್ಲಿ ಇಂದಿಗೂ ಪೂಜೆ ನಡೆಯುವ ಅತ್ಯಂತ ಹಳೆಯ ಇಗರ್ಜಿ ಅದೇ. ಸೈಕಲ್ ಸವಾರರು ಅಲ್ಲಿಗೆ ಬರುವುದು ಕಡಿಮೆ. ನನ್ನನ್ನು ಕೇಳಿದರೆ ಕೆಫೆ ಬಿಟ್ಟಾದರೂ ಅಲ್ಲಿಗೆ ಹೋಗಬೇಕು.

ಇನ್ನು ಪುರಭವನ. ಈಗ ನಿಂತಿರುವುದು 1707ರಲ್ಲಿ ಶುರುವಾಗಿ 1710ರಲ್ಲಿ ಮುಗಿದ ಕಟ್ಟಡ. ಮೇಲಂತಸ್ತಿನಲ್ಲಿ ನ್ಯಾಯಾಲಯ, ನಗರಾಡಳಿತದ ಕೋಣೆಗಳು, ಕೆಳಗೆ ಸೆರೆಮನೆ. ಪ್ರವಾಸಿಗರು ಮೇಲಿನ ಕೆತ್ತನೆಯ ಬೀರು, ಎತ್ತರದ ಕಿಟಕಿಗಳಿಗೆ ಸಮಯ ಕೊಟ್ಟು ಕೆಳಗಿನದನ್ನು ಇಣುಕಿ ಮುಗಿಸುತ್ತಾರೆ. ಮಾಡಬೇಕಾದ್ದು ತಿರುಗಾಮುರುಗಾ. ನೆಲಮಟ್ಟದ ಆ ಕೋಣೆಗಳಲ್ಲಿ ನೆಟ್ಟಗೆ ನಿಲ್ಲಲಾಗದು; ಕೈದಿಗಳ ಕಾಲಿಗೆ ಕಟ್ಟುತ್ತಿದ್ದ ಕಬ್ಬಿಣದ ಗುಂಡುಗಳನ್ನು ಅಲ್ಲೇ ಬಿಟ್ಟಿದ್ದಾರೆ. ನೀರು ನುಗ್ಗುವ ಊರಿನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಮನುಷ್ಯರನ್ನು ಕೂಡಿಹಾಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗಲ್ಲಿಗೇರಿಸುತ್ತಿದ್ದುದು ಎದುರಿನ ಚೌಕದಲ್ಲಿ, ಇವತ್ತು ಸೈಕಲ್ಲು ಸುತ್ತುವ ಅದೇ ನೆಲದಲ್ಲಿ. ಡಚ್ಚರ ವಿರುದ್ಧ ಐದು ವರ್ಷ ಜಾವಾ ಯುದ್ಧ ನಡೆಸಿದ ರಾಜಕುಮಾರ ದಿಪೊನೆಗೊರೊನನ್ನು 1830ರಲ್ಲಿ ಗಡೀಪಾರು ಮಾಡುವ ಮೊದಲು ಇರಿಸಿದ್ದೂ ಇದೇ ಕಟ್ಟಡದಲ್ಲಿ.

ಪುರಭವನದ ಅತ್ಯಂತ ಕರಾಳ ದಿನಗಳು 1740ರ ಅಕ್ಟೋಬರಿನವು. ಊರಿನ ಸುತ್ತ ಚೀನೀಯರ ಆಲೆಮನೆಗಳಿದ್ದವು. ಸಕ್ಕರೆಯ ಬೆಲೆ ಬಿದ್ದು ಕೂಲಿಗಳು ಕೆಲಸ ಕಳೆದುಕೊಂಡಾಗ ಕಂಪನಿ ಅವರನ್ನು ಹಿಡಿದು ಸಿಂಹಳಕ್ಕೆ ಸಾಗಿಸತೊಡಗಿತು. ಹಾಗೆ ಹೋದವರನ್ನು ನಡುಸಮುದ್ರದಲ್ಲಿ ನೀರಿಗೆ ತಳ್ಳುತ್ತಾರೆ ಎಂಬ ಪುಕಾರು ಹಬ್ಬಿ, ಹೊರವಲಯದಲ್ಲಿ ದಂಗೆಯೆದ್ದಿತು. ಅದಕ್ಕೆ ತಲೆ ತೆತ್ತದ್ದು ಗೋಡೆಯೊಳಗಿನ ಚೀನೀಯರು. ದಿನಗಟ್ಟಲೆ ನಡೆದ ಕೊಲೆಯಲ್ಲಿ ಸತ್ತವರು ಹತ್ತು ಸಾವಿರದಷ್ಟು ಎಂದು ಲೆಕ್ಕ. ಆಸ್ಪತ್ರೆಯ ರೋಗಿಗಳನ್ನೂ ಪುರಭವನದ ಕೈದಿಗಳನ್ನೂ ಬಿಡಲಿಲ್ಲ. ಆಗ ಗವರ್ನರ್ ಜನರಲ್ ಆಗಿದ್ದ ವಾಲ್ಕೆನೀರ್ ಕೊನೆಗೆ ತಾನೇ ಸೆರೆಯಾಗಿ, ಬಟೇವಿಯಾದ ಕೋಟೆಯಲ್ಲೇ 1751ರಲ್ಲಿ ಸತ್ತ. ಉಳಿದ ಚೀನೀಯರಿಗೆ ಗೋಡೆಯ ದಕ್ಷಿಣಕ್ಕೆ ಜಾಗ ತೋರಿಸಿದರು. ಅದೇ ಇಂದಿನ ಗ್ಲೊಡೊಕ್. ಕೋಟಾ ತುವಾದಿಂದ ಹತ್ತು ಹದಿನೈದು ನಿಮಿಷದ ನಡಿಗೆ. ನಾಟಿ ಔಷಧದ ಅಂಗಡಿಗಳು, ಊದುಬತ್ತಿಯ ಹೊಗೆ, 1650ರಷ್ಟು ಹಿಂದೆ ಸ್ಥಾಪನೆಯಾಗಿ 2015ರ ಬೆಂಕಿಯಲ್ಲಿ ಬೆಂದು ಮತ್ತೆ ಎದ್ದ ಜಿನ್ ದೆ ಯುವಾನ್ ಗುಡಿ. ಚೀನೀಯರ ಮೇಲೆ ತಿರುಗಿದ 1998ರ ಮೇ ಗಲಭೆಯಲ್ಲಿ ಇದೇ ಪೇಟೆ ಉರಿಯಿತು.

ಡಚ್ಚರನ್ನು ಓಡಿಸಿದ್ದು ಮಾತ್ರ ದಂಗೆಯಲ್ಲ, ಯುದ್ಧವೂ ಅಲ್ಲ. ಕೂನ್ ಸತ್ತದ್ದೇ 1629ರಲ್ಲಿ, ಜಾವಾದ ಮಾತರಾಮ್ ರಾಜ್ಯದ ಸುಲ್ತಾನ್ ಅಗುಂಗನ ಸೈನ್ಯ ಊರಿಗೆ ಮುತ್ತಿಗೆ ಹಾಕಿ ಕೂತಿದ್ದಾಗ; ಕೊಂದದ್ದು ಕತ್ತಿಯಲ್ಲ, ಹೊಟ್ಟೆಯ ರೋಗ. ಆದರೂ ಮೊದಲ ನೂರು ವರ್ಷ ಬಟೇವಿಯಾ ಬೇರೆ ಬಂದರುಗಳಿಗಿಂತ ತೀರಾ ಕೆಟ್ಟದ್ದೆನಿಸಿಕೊಂಡಿರಲಿಲ್ಲ. ‘ಪೂರ್ವದ ರಾಣಿ’ ಎಂದೇ ಹೊಗಳಿಸಿಕೊಂಡಿತ್ತು. ಆದರೆ ಈ ನಡುವೆ ಕಬ್ಬಿಗಾಗಿ, ಆಲೆಯ ಸೌದೆಗಾಗಿ ಸುತ್ತಲಿನ ಕಾಡು ಕಡಿದರು. 1699ರಲ್ಲಿ ಭೂಕಂಪವಾಗಿ ಬೆಟ್ಟದ ಮಣ್ಣು ನದಿಗೆ ಇಳಿಯಿತು. ಕಾಲುವೆಗಳಲ್ಲಿ ಹೂಳು ನಿಂತಿತು. ಕೊಳೆತವನ್ನು ತಡೆಯುವ ಕೆಲಸವನ್ನು ಹಾಲೆಂಡಿನ ಕಾಲುವೆಯಲ್ಲಿ ಚಳಿಗಾಲ ಮಾಡುತ್ತದೆ, ಇಲ್ಲಿ ಯಾರು ಮಾಡಬೇಕು? ಬೇಸಿಗೆಯಲ್ಲಿ ಕೊಚ್ಚೆ ಬಿಸಿಲಿಗೆ ಬೇಯುತ್ತಿತ್ತು, ಮಳೆಗಾಲದಲ್ಲಿ ಮನೆಯೊಳಗೆ ಬರುತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ, ಕೋಟೆಯ ಹೊರಗೆ ಹೊಸದಾಗಿ ಮೂಡಿದ ದಡದಲ್ಲಿ ಉಪ್ಪುನೀರಿನ ಮೀನುಕೊಳಗಳನ್ನು ತೋಡಿದರು. ಮಲೇರಿಯಾ ಹರಡುವ ಅಲ್ಲಿನ ಸೊಳ್ಳೆಗೆ ಅಂಥ ಉಪ್ಪುಮಿಶ್ರಿತ ನಿಂತ ನೀರೇ ಬೇಕು. 1733ರಿಂದ ಸಾವು ಏಕಾಏಕಿ ಏರಿದ್ದಕ್ಕೆ ಈ ಕೊಳಗಳೇ ಮುಖ್ಯ ಕಾರಣವೆಂದು ಇತಿಹಾಸಕಾರರು ವಾದಿಸುತ್ತಾರೆ. ಅಂದಿನವರಿಗೆ ಸೊಳ್ಳೆಯ ಪಾತ್ರ ಗೊತ್ತಿರಲಿಲ್ಲ. ಕೆಟ್ಟ ಗಾಳಿಯೆಂದು ಬೈದು, ಕಿಟಕಿ ಮುಚ್ಚಿಕೊಂಡು ಕೂತರು.

ಯುರೋಪಿನಿಂದ ಹೊಸದಾಗಿ ಬಂದಿಳಿದ ಕಂಪನಿ ನೌಕರರಲ್ಲಿ ಸುಮಾರು ಅರ್ಧದಷ್ಟು ಮಂದಿ ವರ್ಷ ಕಳೆಯುವುದರೊಳಗೆ ಸಾಯುತ್ತಿದ್ದ ಕಾಲ ಅದು. 1770ರ ಕೊನೆಗೆ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ‘ಎಂಡೆವರ್’ ಹಡಗಿನ ರಿಪೇರಿಗೆ ಇಲ್ಲಿ ನಿಂತ. ಅಲ್ಲಿಯತನಕ ರೋಗಕ್ಕೆ ಹೆಚ್ಚು ಜನರನ್ನು ಕಳೆದುಕೊಳ್ಳದೆ ಪೆಸಿಫಿಕ್ ಸುತ್ತಿ ಬಂದಿದ್ದ ಹಡಗು ಬಟೇವಿಯಾದಲ್ಲೂ, ಅಲ್ಲಿಂದ ಕೇಪ್‌ವರೆಗಿನ ದಾರಿಯಲ್ಲೂ ಸೇರಿ ಮೂವತ್ತರಷ್ಟು ಜನರನ್ನು ಕಳೆದುಕೊಂಡಿತು. ನಕ್ಷತ್ರ, ಅಲೆ ನೋಡಿ ದಾರಿ ಹೇಳುತ್ತಿದ್ದ ತಹೀಟಿಯ ನಾವಿಕ ತುಪಾಯಾ ಸತ್ತದ್ದೂ ಇಲ್ಲೇ.

ಓಟ ಶುರು ಮಾಡಿದವರು ದೊಡ್ಡವರೇ. ಕಾಲಿ ಬೆಸಾರ್ ದಡದಲ್ಲಿ ಕೆಂಪು ಇಟ್ಟಿಗೆಯ ತೋಕೊ ಮೇರಾ ಎಂಬ ಭಾರಿ ಮನೆಯಿದೆ. 1730ರಲ್ಲಿ ಅದನ್ನು ಕಟ್ಟಿಸಿದ ಫಾನ್ ಇಮ್‌ಹೋಫ್ ಮುಂದೆ ಗವರ್ನರ್ ಜನರಲ್ ಆದ. ಅಧಿಕಾರಕ್ಕೆ ಬಂದವನೇ ದಕ್ಷಿಣದ ಬೆಟ್ಟದ ತಪ್ಪಲಿನಲ್ಲಿ ತಂಪಾದ ಜಾಗ ಹುಡುಕಿ ಇನ್ನೊಂದು ಮನೆ ಹೂಡಿದ. ಅದೇ ಬೆಳೆದು ಇಂದಿನ ಬೊಗೊರ್ ಅರಮನೆಯಾಯಿತು. ಊರಿನಲ್ಲಿ ಕಾಲುವೆಯ ಎದುರೊಂದು ಮನೆ, ಉಸಿರಾಡಲು ಅರವತ್ತು ಕಿಲೋಮೀಟರ್ ದೂರದ ಮನೆ! ಉಳ್ಳವರು ಒಬ್ಬೊಬ್ಬರಾಗಿ ತೋಟದ ಮನೆಗಳ ನೆಪದಲ್ಲಿ ದಕ್ಷಿಣಕ್ಕೆ ಸರಿದರು. ಕಂಪನಿ 1799ರ ಕೊನೆಗೆ ಮುಚ್ಚಿಹೋಯಿತು. 1808ರಲ್ಲಿ ಬಂದ ಗವರ್ನರ್ ಜನರಲ್ ಡಾಂಡೆಲ್ಸ್ ಉಳಿದ ಸಂಕೋಚವನ್ನೂ ಮುಗಿಸಿದ. ರಾಜಧಾನಿಯ ಕಚೇರಿಗಳನ್ನು ದಕ್ಷಿಣದ ವೆಲ್ಟೆವ್ರೇಡೆನ್‌ಗೆ, ಅಂದರೆ ಇಂದಿನ ಮೆರ್ದೆಕಾ ಚೌಕ, ಬಾಂಟೆಂಗ್ ಚೌಕಗಳ ಸುತ್ತಿಗೆ ಒಯ್ದ. ಹಳೆಯ ಕೋಟೆ, ಊರಗೋಡೆ ಕೆಡವಿಸಿ ಕಲ್ಲನ್ನು ಹೊಸ ಕಟ್ಟಡಗಳಿಗೆ ಸಾಗಿಸಿದ. ಕೋಟಾ ತುವಾದಲ್ಲಿ ಕೋಟೆ ಹುಡುಕಿದರೆ ಸಿಗದಿರುವುದಕ್ಕೆ ಕಾರಣ ಇದು. ಉಳಿದಿದ್ದ ಆಮ್‌ಸ್ಟರ್‌ಡ್ಯಾಮ್ ಬಾಗಿಲೆಂಬ ಕಮಾನನ್ನು ಸ್ವಾತಂತ್ರ್ಯದ ನಂತರ ರಸ್ತೆ ಅಗಲಿಸುವಾಗ ಕೆಡವಿದರು.

ಹಾಗಿದ್ದರೆ ಇಷ್ಟೊಂದು ಭರ್ಜರಿ ಕಟ್ಟಡಗಳು ಎಲ್ಲಿಂದ ಬಂದವು? ಇದು ಇಲ್ಲಿ ಬಹಳ ಜನ ಎಡವುವ ಜಾಗ. ಕಣ್ಣಿಗೆ ಬೀಳುವ ‘ಹಳೆಯ’ ಕಟ್ಟಡಗಳಲ್ಲಿ ಬಹುಪಾಲು ಕೂನ್‌ನ ಕಾಲದವಲ್ಲ, ಇಪ್ಪತ್ತನೇ ಶತಮಾನದ ಮೊದಲರ್ಧದವು. ವಾಸಕ್ಕೆ ಒಲ್ಲದ ಊರು ದುಡ್ಡಿನ ವ್ಯವಹಾರಕ್ಕೆ ಸಾಕಾಗಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಉಗಿಹಡಗುಗಳು ಹೆಚ್ಚಿದ ಮೇಲೆ ಬ್ಯಾಂಕು, ವಿಮೆ, ತೋಟದ ಕಂಪನಿಗಳು ಇಲ್ಲಿ ಕಚೇರಿ ಎಬ್ಬಿಸಿದವು. ಸಾಹೇಬರು ಬೆಳಿಗ್ಗೆ ರೈಲಿನಲ್ಲೋ ಟ್ರಾಮಿನಲ್ಲೋ ಬಂದು, ಸಂಜೆ ವೆಲ್ಟೆವ್ರೇಡೆನ್‌ಗೆ ಮರಳುತ್ತಿದ್ದರು. 1929ರಲ್ಲಿ ತೆರೆದ ಜಕಾರ್ತ ಕೋಟಾ ರೈಲು ನಿಲ್ದಾಣ ಆ ಕಾಲದ ಕೂಸು. ಜಾವಾದಲ್ಲೇ ಹುಟ್ಟಿದ ಡಚ್ ವಾಸ್ತುಶಿಲ್ಪಿ ಹೇಯ್ಸೆಲ್ಸ್ ಇದರ ಕರ್ತೃ. ಅಲಂಕಾರಕ್ಕೆ ಕೈಹಾಕದೆ ಗಾಳಿ, ಬೆಳಕಿಗೆ ದಾರಿ ಬಿಟ್ಟ ಆ ಎತ್ತರದ ಕಮಾನು ಹಜಾರ ಇಡೀ ಬಡಾವಣೆಯಲ್ಲಿ ಹವೆಗೆ ಒಗ್ಗಿದ ಕೆಲವೇ ಕಟ್ಟಡಗಳಲ್ಲೊಂದು. ಮುನ್ನೂರು ವರ್ಷ ತಡವಾಗಿ ಬಂದ ಬುದ್ಧಿ.

ನಿಲ್ದಾಣದ ಎದುರಿನ ಬ್ಯಾಂಕ್ ಮಂದಿರಿ ವಸ್ತುಸಂಗ್ರಹಾಲಯ ಡಚ್ ವ್ಯಾಪಾರ ಸಂಸ್ಥೆಯೊಂದರ ಕಚೇರಿಯಾಗಿತ್ತು. ಮೆಟ್ಟಿಲಿನ ಎದುರು ಬಣ್ಣದ ಗಾಜಿನ ದೊಡ್ಡ ಕಿಟಕಿಗಳು. ಅವುಗಳಲ್ಲಿ ಯುರೋಪಿನ ನಾಲ್ಕು ಋತುಗಳ ಚಿತ್ರ. ಹೊರಗೆ ವರ್ಷವಿಡೀ ಸೆಕೆ, ಒಳಗೆ ಗಾಜಿನಲ್ಲಿ ಚಳಿಗಾಲ. ಪಕ್ಕದ ಬ್ಯಾಂಕ್ ಇಂಡೊನೇಷ್ಯಾ ವಸ್ತುಸಂಗ್ರಹಾಲಯ 1828ರಲ್ಲಿ ಸ್ಥಾಪನೆಯಾದ ಜಾವಾ ಬ್ಯಾಂಕಿನದು. ಅದು ನಿಂತಿರುವ ಜಾಗದಲ್ಲಿ ಮೊದಲು ಊರಿನ ಆಸ್ಪತ್ರೆಯಿತ್ತು. ಹಣಕಾಸಿನ ಇತಿಹಾಸದಲ್ಲಿ ಆಸಕ್ತಿಯಿಲ್ಲದವರೂ ಈ ಎರಡನ್ನು ಬಿಡಬಾರದು, ಎಸಿಯ ಸಲುವಾಗಿಯಾದರೂ.

ಸ್ವಾತಂತ್ರ್ಯದ ನಂತರ ಕಚೇರಿಗಳೂ ಹೋದವು. ಪುರಭವನ ಸೈನ್ಯದ ಕೈಲಿತ್ತು, ಗೋದಾಮುಗಳು ಪಾಳುಬಿದ್ದವು. ಎಪ್ಪತ್ತರ ದಶಕದ ಆದಿಯಲ್ಲಿ ಜಕಾರ್ತದ ಗವರ್ನರ್ ಅಲಿ ಸಾದಿಕಿನ್ ಹಟ ಹಿಡಿದು ಚೌಕವನ್ನು ಸರಿಪಡಿಸಿದರು. 1974ರಲ್ಲಿ ಪುರಭವನ ಜಕಾರ್ತ ಇತಿಹಾಸ ವಸ್ತುಸಂಗ್ರಹಾಲಯವಾಯಿತು, ಮರುವರ್ಷ ಪಕ್ಕದಲ್ಲೇ ವಯಾಂಗ್ ವಸ್ತುಸಂಗ್ರಹಾಲಯ ತೆರೆಯಿತು. ಇತಿಹಾಸ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ ಸಿ ಜಾಗುರ್ ಎಂಬ ಪೋರ್ಚುಗೀಸ್ ತೋಪು ಮಕಾವಿನಲ್ಲಿ ಎರಕವಾಗಿ, ಮಲಾಕ್ಕಾದಲ್ಲಿ ಕಾದು, 1641ರಲ್ಲಿ ಆ ಊರು ಬಿದ್ದಮೇಲೆ ಡಚ್ಚರ ಪಾಲಿಗೆ ಬಂದದ್ದು. ತೂಕ ಮೂರೂವರೆ ಟನ್. ಅದರ ಹಿಂತುದಿಯಲ್ಲಿ ತೋರುಬೆರಳು, ನಡುಬೆರಳುಗಳ ಮಧ್ಯೆ ಹೆಬ್ಬೆರಳು ತೂರಿಸಿದ ಮುಷ್ಟಿ. ಮಕ್ಕಳಿಲ್ಲದ ಹೆಂಗಸರು ಹೂವಿಟ್ಟು ಹರಕೆ ಹೊರುತ್ತಿದ್ದದ್ದು ಈ ಮುಷ್ಟಿಯ ಕಾರಣಕ್ಕೇ. ಯುದ್ಧಕ್ಕೆಂದು ಎರಕ ಹೊಯ್ದವನಿಗೆ ತನ್ನ ತೋಪು ಸಂತಾನಲಕ್ಷ್ಮಿಯಾದೀತೆಂಬ ಊಹೆ ಎಲ್ಲಿಂದ ಬರಬೇಕು.

ವಯಾಂಗ್ ವಸ್ತುಸಂಗ್ರಹಾಲಯದಲ್ಲಿ ಕನ್ನಡಿಗರು ಸ್ವಲ್ಪ ಹೊತ್ತು ನಿಲ್ಲಬೇಕು. 1640ರ ಡಚ್ ಇಗರ್ಜಿ ಇದ್ದ ಜಾಗ ಅದು. ಅಂಗಳದಲ್ಲಿ ಹಳೆಯ ಸಮಾಧಿಕಲ್ಲುಗಳಿವೆ, ಕೂನ್‌ನ ಸ್ಮಾರಕವೂ ಇದೆ. ಅವನ ತಲೆಯ ಮೇಲೆ ಈಗ ಅರ್ಜುನ, ಭೀಮ, ಘಟೋತ್ಕಚರ ಸಾಮ್ರಾಜ್ಯ. ನಮ್ಮ ತೊಗಲುಗೊಂಬೆಯ ಚರ್ಮ ತೆಳುವಾಗಿ ಹದಗೊಂಡು ಬೆಳಕನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ; ಪರದೆಯ ಮೇಲೆ ಬಣ್ಣ ಕಾಣುತ್ತದೆ. ಜಾವಾದವರು ಎಮ್ಮೆಯ ದಪ್ಪ ತೊಗಲಿನಲ್ಲಿ ಸಾವಿರಾರು ರಂಧ್ರ ಕೊರೆದು ನೆರಳಿನಲ್ಲೇ ಚಿತ್ತಾರ ಬಿಡಿಸುತ್ತಾರೆ. ಕಥೆ ಒಂದೇ ಎಂದುಕೊಂಡು ಹೋದರೆ ಶ್ರೀಕಂಡಿ ಎದುರಾಗುತ್ತಾಳೆ. ನಮ್ಮ ಶಿಖಂಡಿಯೇ, ಅಲ್ಲಿ ಆಕೆ ಗಂಡಿನ ವೇಷ ತಾಳದ ಬಿಲ್ಲುಗಾತಿ, ಅರ್ಜುನನ ಹೆಂಡತಿ. ದ್ರೌಪದಿಗೆ ಧರ್ಮರಾಯನೊಬ್ಬನೇ ಗಂಡ.

ಚೌಕದಿಂದ ಉತ್ತರಕ್ಕೆ ಒಂದೂವರೆ ಕಿಲೋಮೀಟರ್ ನಡೆದರೆ ಬಹಾರಿ ಸಾಗರ ವಸ್ತುಸಂಗ್ರಹಾಲಯ. ಬಿಸಿಲು, ಲಾರಿ ಎರಡೂ ಜಾಸ್ತಿ. ಆದರೂ ಹೋಗಬೇಕಾದ ಜಾಗ. 1652ರಿಂದ ಕಂತು ಕಂತಾಗಿ ಕಟ್ಟಿದ ಕಂಪನಿಯ ಗೋದಾಮುಗಳಿವು. ದಪ್ಪ ಗೋಡೆ, ಸಾಲು ಸಾಲು ಸಣ್ಣ ಕಿಟಕಿ, ತೊಲೆಗಳೋ ಅಸಾಮಾನ್ಯ ಗಾತ್ರದವು. ಜಾಯಿಕಾಯಿ, ಮೆಣಸು, ಕಾಫಿ, ಬಟ್ಟೆ ಎಲ್ಲ ಇಲ್ಲಿ ಕಾದು ಹಡಗೇರಿದ್ದವು. 2018ರ ಜನವರಿಯಲ್ಲಿ ಬೆಂಕಿ ಬಿದ್ದು ಒಂದು ಭಾಗ ಸುಟ್ಟಿತು. ಡಾಂಡೆಲ್ಸ್‌ನ ಕೈಗೆ ಸಿಗದೆ ಉಳಿದ ಊರಗೋಡೆಯ ತುಣುಕು ಇದರ ಮುಂದಿದೆ. ಹತ್ತಿರದಲ್ಲೇ 1839ರ ಶಾಬಂದರ್ ಗೋಪುರ, ಹಡಗು ಕಾಯುತ್ತಿದ್ದ ಕಾವಲುಗೋಪುರ. ಅದು ಈಗ ವಾಲಿ ನಿಂತಿದೆ. ಸುಂಡಾ ಕೆಲಾಪಾ ಬಂದರಿನಲ್ಲಿ ಸುಲಾವೆಸಿಯ ಪಿನಿಸಿ ಮಾದರಿಯ ಮರದ ಹಡಗುಗಳು ಸಾಲಾಗಿ ನಿಲ್ಲುತ್ತವೆ. ಸಿಮೆಂಟ್ ಚೀಲ ಹೊತ್ತ ಹಮಾಲರು ಒಂದೇ ಹಲಗೆಯ ಮೇಲೆ ಓಡಾಡುತ್ತಾರೆ. ದೊಡ್ಡ ಹಡಗುಗಳು ಹೂಳಿಗೆ ಬೇಸತ್ತು 1880ರ ದಶಕದಲ್ಲೇ ತಾಂಜುಂಗ್ ಪ್ರಿಯೊಕ್‌ನ ಹೊಸ ಬಂದರಿಗೆ ಹೋದವು.

ಗೋದಾಮುಗಳ ಆಚೆಯ ಕಡಲ ದಡದಲ್ಲಿ ಕಾಂಕ್ರೀಟ್ ಗೋಡೆ ಎದ್ದಿದೆ. ಅಂದು ಹೂಳಿನಿಂದ ನೆಲ ಮುಂದಕ್ಕೆ ಬರುತ್ತಿತ್ತು. ಇಂದು ನೆಲ ಕೆಳಗೆ ಹೋಗುತ್ತಿದೆ. ನಲ್ಲಿ ನೀರು ಎಲ್ಲರಿಗೂ ಸಾಲದೆ ಜನ, ಹೋಟೆಲು, ಕಾರ್ಖಾನೆಗಳೆಲ್ಲ ಬೋರ್‌ವೆಲ್ ಕೊರೆದು ಎತ್ತಿದ್ದರಿಂದ ಉತ್ತರ ಜಕಾರ್ತದ ಮಣ್ಣು ಕುಸಿಯುತ್ತ ಬಂದಿದೆ. ಉಬ್ಬರ ಜೋರಾದ ದಿನ ಮಳೆಯಿಲ್ಲದೆಯೂ ಬೀದಿಗೆ ನೀರು ಬರುತ್ತದೆ. ಬೊರ್ನಿಯೊದ ಕಾಡಿನಂಚಿನಲ್ಲಿ ನುಸಂತಾರ ಎಂಬ ಹೊಸ ರಾಜಧಾನಿ ಕಟ್ಟಲು 2022ರಲ್ಲಿ ಕಾಯ್ದೆಯಾಯಿತು. ಜಕಾರ್ತದ ಕುಸಿತ, ನೆರೆ, ನೂಕುನುಗ್ಗಲು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿವೆ.

ಹೋಗುವವರಿಗೆ ಎರಡು ಮಾತು. ಸೋಮವಾರ ವಸ್ತುಸಂಗ್ರಹಾಲಯಗಳಿಗೆ ರಜೆ. ಶನಿವಾರ, ಭಾನುವಾರ ಚೌಕದಲ್ಲಿ ಕಾಲಿಡಲು ಜಾಗವಿರದು. ಬೆಳಿಗ್ಗೆ ಬೇಗ ಬಂದರಿನಿಂದ ಶುರುಮಾಡಿ ದಕ್ಷಿಣಕ್ಕೆ ನಡೆದರೆ ಬಿಸಿಲೇರುವ ಹೊತ್ತಿಗೆ ಬ್ಯಾಂಕುಗಳ ತಂಪಿಗೆ ತಲುಪಬಹುದು, ಊಟಕ್ಕೆ ಗ್ಲೊಡೊಕ್ ಹತ್ತಿರ. ಕೆಂಡದ ಮೇಲೆ ಬಾಣಲೆ ಕವುಚಿ ಬೇಯಿಸುವ ಕೆರಾಕ್ ತೆಲೊರ್ ಅಲ್ಲಿನ ಬೀದಿತಿಂಡಿ: ಅಂಟಕ್ಕಿ, ಮೊಟ್ಟೆ, ಮೇಲೆ ಹುರಿದ ತೆಂಗಿನತುರಿ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಒಣಸಿಗಡಿ ಬೇಡವೆಂದು ಮೊದಲೇ ಹೇಳಬೇಕು. ಬೊಗೊರ್ ಕಡೆಯ ಲೋಕಲ್ ರೈಲು ಕೋಟಾ ನಿಲ್ದಾಣದಲ್ಲೇ ಕೊನೆಯಾಗುತ್ತದೆ. ಟ್ರಾನ್ಸ್‌ಜಕಾರ್ತದ ಒಂದನೇ ಮಾರ್ಗದ ಬಸ್ಸಿನಲ್ಲಿ ಬಂದರೆ ದಾರಿಯ ಕೊನೆಯ ಭಾಗದಲ್ಲಿ ಎರಡು ರಸ್ತೆಗಳ ನಡುವೆ ಕಾಲುವೆಯೊಂದು ಜತೆಗೆ ಬರುತ್ತದೆ. 1648ರಲ್ಲಿ ಚೀನೀಯರ ಮುಖಂಡನೊಬ್ಬ ತೋಡಿಸಿದ್ದು. ಅದೇ ದಾರಿಯಲ್ಲಿ ಈಗ ಕೋಟಾಕ್ಕೆ ಮೆಟ್ರೊ ಸುರಂಗ ಕೊರೆಯುತ್ತಿದ್ದಾರೆ. ಸರ್ಕಾರ ಊರು ಬಿಡುವ ಮಾತಾಡುತ್ತಿರುವಾಗಲೇ ನಡೆಯುತ್ತಿರುವ ಆ ಅಗೆತದಲ್ಲಿ ಬಟೇವಿಯಾ ಕಾಲದ ಟ್ರಾಮ್ ಹಳಿಗಳು ಸಿಕ್ಕವು. ಸಾಹೇಬರು ದಿನವೂ ಬೆಳಿಗ್ಗೆ ಕೋಟಾಕ್ಕೆ ಬಂದು, ಸಂಜೆ ಮನೆಗೆ ಓಡುತ್ತಿದ್ದ ಟ್ರಾಮ್ ಅದು.